ಪಂಪ್‌ಸೆಟ್ ಮೂಲೆಗೆ ತಳ್ಳೋ ಮುಂಚೆ ಅರ್ಧ ಗಂಟೆ ಕೊಡಿ

ಮಳೆ ಹಿಡಿದ ಕೂಡಲೇ ಹೊಳೆ ದಂಡೆಯ ಪೆಟ್ರೋಲ್ ಪಂಪ್‌ಸೆಟ್ ತಂದು ಕೊಟ್ಟಿಗೆ ಮೂಲೆಗೆ ತಳ್ಳಿ, ಮೇಲೊಂದು ಗೋಣಿಚೀಲ ಹಾಕಿದರೆ ಮುಗೀತು ಅಂದುಕೊಳ್ಳೋರೇ ಹೆಚ್ಚು. ಬೇಸಿಗೆಗೆ ಹಗ್ಗ ಎಳೆದೆಳೆದು ತೋಳು ಸೋತಾಗ ಬೈಗುಳ ಕಂಪನಿಗೆ. ತಪ್ಪು ಒಳಗೇ ಬಿಟ್ಟ ಪೆಟ್ರೋಲಿನದ್ದು ಕಣ್ರೀ.

ಈಗಿನ ಪೆಟ್ರೋಲಲ್ಲಿ ಶೇ. 20ರವರೆಗೆ ಎಥನಾಲ್ ಇರುತ್ತೆ, ಅದು ತೇವ ಹೀರುತ್ತೆ. ತಿಂಗಳುಗಟ್ಟಲೆ ನಿಂತ ಪೆಟ್ರೋಲ್ ಅಂಟಾಗಿ ಕಾರ್ಬೊರೇಟರ್ ಜೆಟ್ ಕಟ್ಟಿಕೊಳ್ಳುತ್ತೆ. ಕೊನೇ ದಿನ ಪೆಟ್ರೋಲ್ ಕಾಕ್ ಮುಚ್ಚಿ, ಎಂಜಿನ್ ತಾನಾಗಿ ನಿಲ್ಲೋವರೆಗೆ ಓಡಿಸಿ. ಆದರೆ ಪೈಪ್ ಬಿಚ್ಚೋ ಮೊದಲು! ನೀರಿಲ್ಲದೆ ಓಡಿದರೆ ಪಂಪಿನ ಸೀಲ್ ಸುಡುತ್ತೆ. ಆಮೇಲೆ ಟ್ಯಾಂಕ್ ಖಾಲಿ ಮಾಡಿ. ಡೀಸೆಲ್ ಎಂಜಿನ್‌ಗೆ ಇದು ಉಲ್ಟಾ: ಟ್ಯಾಂಕ್ ತುಂಬಿಸಿಡಿ, ಖಾಲಿ ಜಾಗದಲ್ಲೇ ತೇವ ಹನಿಗಟ್ಟೋದು.

ಹಿಮ ಬೀಳೋ ದೇಶಗಳಲ್ಲಿ ದೋಣಿ ಎಂಜಿನ್ ಒಳಗೆ ನೀರು ಉಳಿದರೆ ಹೆಪ್ಪುಗಟ್ಟಿ ಬ್ಲಾಕೇ ಸೀಳುತ್ತೆ, ಅದಕ್ಕೇ ಅಲ್ಲಿಯವರು ನೀರು ಬಸಿಯೋದು ಮರೆಯಲ್ಲ. ನಮ್ಮಲ್ಲಿ ತುಕ್ಕು ಸದ್ದಿಲ್ಲದೆ ತಿನ್ನುತ್ತೆ. ಪಂಪಿನ ಅಡಿಯ ಬೋಲ್ಟ್ ಬಿಚ್ಚಿ ಪೂರ್ತಿ ಬಸಿಯಿರಿ. ಆಯುಧ ಪೂಜೆಗೆ ಅರಿಶಿನ-ಕುಂಕುಮ ಹಚ್ಚೋ ಶ್ರದ್ಧೆಯಲ್ಲಿ ಕಾಲುಭಾಗ ಇದಕ್ಕೆ ಸಾಕು.

ಎಂಜಿನ್ ತಣ್ಣಗಾದ ಮೇಲೆ ಸೈಲೆನ್ಸರ್ ಬಾಯಿಗೆ ಬಟ್ಟೆ ತುರುಕಿ, ಇಲ್ಲಾಂದ್ರೆ ಕುಂಬಾರ ಹುಳ ಮನೆ ಕಟ್ಟುತ್ತೆ. ಬಟ್ಟೆ ತೆಗೆಯೋಕೆ ಮೊಬೈಲಲ್ಲಿ ಈಗಲೇ ರಿಮೈಂಡರ್ ಹಾಕಿಕೊಳ್ಳಿ.