ಸೈಲೆನ್ಸರಿನ ಅಬ್ಬರ

ದೂರಪ್ರಯಾಣಕ್ಕೆಂದು ಮೋಟಾರು ಸೈಕಲ್ಲು ಕೊಂಡ ನಮ್ಮ ತರುಣರಲ್ಲಿ ಹಲವರು ಮೊದಲು ಮಾಡುವ ಕಾರ್ಯವೆಂದರೆ, ಕಾರ್ಖಾನೆಯವರು ಜೋಡಿಸಿಕೊಟ್ಟ ಸೈಲೆನ್ಸರನ್ನು ಕಿತ್ತು ಬೇರೊಂದನ್ನು ತೊಡಿಸುವುದು. ಹಗುರವಾದುದು ಬೇಕೆಂಬ ಆಶೆಯನ್ನು ನಾವು ಹಳಿಯುವುದಿಲ್ಲ. ಆದರೆ 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿ.ಎಸ್. 6 ನಿಯಮದ ಗಾಡಿಗಳಲ್ಲಿ ವಿಷವಾಯುವನ್ನು ಶಮನಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರು ಹೊಗೆಕೊಳವೆಯ ಒಳಗೇ ಇರುತ್ತದೆ. ಕೊಳವೆಯೊಡನೆ ಅದೂ ಹೋದರೆ ಸದ್ದಿನಂತೆ ಹೊಗೆಗೂ ಅಂಕೆ ತಪ್ಪುವುದು. ಬೆಂಗಳೂರಿನಿಂದ ಹೊರಟವನು ಆಗುಂಬೆ ಮುಟ್ಟುವಷ್ಟರಲ್ಲಿ ಅವನ ಕಿವಿಯೇ ಮೊರೆಯುತ್ತಿರುವಾಗ, ದಾರಿಯ ಊರುಗಳ ರೋಗಿಗಳ, ಹಸುಗೂಸುಗಳ ಪಾಡೇನು?

2019ರ ತಿದ್ದುಪಡಿಯಾದ ಮೋಟಾರು ವಾಹನ ಶಾಸನವು ಇದಕ್ಕೆ 10,000 ರೂಪಾಯಿಗಳವರೆಗೆ ದಂಡವನ್ನೂ ಮೂರು ತಿಂಗಳವರೆಗೆ ಸೆರೆಯನ್ನೂ ವಿಧಿಸಬಲ್ಲುದು. ಸವಾರನನ್ನು ಬೀದಿಯಲ್ಲಿ ತಡೆಯುತ್ತಾರೆ. ಅದೇ ಕೊಳವೆ ಅಂಗಡಿಯಲ್ಲಿ ರಾಜಾರೋಷವಾಗಿ ಬಿಕರಿಯಾಗುತ್ತದೆ. ಕೊಳ್ಳುವವರು ಕನ್ವರ್ಟರು ಉಂಟೇ, ಮಾನ್ಯತಾಪತ್ರ ಉಂಟೇ ಎಂದು ಮೊದಲೇ ವಿಚಾರಿಸಲಿ. ಸಾರಿಗೆ ಅಧಿಕಾರಿಗಳು ಆ ಅಂಗಡಿಗಳ ಹೊಸ್ತಿಲನ್ನೂ ಒಮ್ಮೆ ತುಳಿಯಲಿ.