ಆವಾಜ್ ಉಂಟು, ಚಿತ್ರವಿಲ್ಲ

ಭಾಲ್ಕಿಯಲ್ಲಿ ಲಗ್ನ ಮುಗಿದು ಹದಿನೈದು ದಿನಕ್ಕೆ ವಿಡಿಯೊದವನು ಪೆನ್‌ಡ್ರೈವ್ ಕೈಗಿಡುತ್ತಾನೆ. ಬೀಗರು ಅದನ್ನು ಔರಾದಿಗೆ ಒಯ್ದು ಟಿ.ವಿ.ಯ ಬೆನ್ನಿಗೆ ಚುಚ್ಚುತ್ತಾರೆ. ಬಾಜಾ ಬಜಂತ್ರಿ ಕೇಳಿಸುತ್ತದೆ. ಪರದೆ ಮಾತ್ರ ಕಪ್ಪು. "ಅಣ್ಣಾ, ಆವಾಜ್ ಬರ್ತದ, ಚಿತ್ರ ಬರವಲ್ದು" ಎಂದು ಭಾಲ್ಕಿಗೆ ಫೋನು ಹೋಗುತ್ತದೆ. ಇಂಥ ವೇಳೆ ಕ್ಯಾಮೆರಾ ಕೆಟ್ಟಿರುವುದಿಲ್ಲ, ಪೆನ್‌ಡ್ರೈವೂ ಸರಿಯಾಗಿಯೇ ಇರುತ್ತದೆ. ಚಿತ್ರವನ್ನು ಬರೆದಿಟ್ಟ ಲಿಪಿ ಹೊಸದು, ಟಿ.ವಿ.ಗೆ ಅದನ್ನು ಓದಲು ಬರುವುದಿಲ್ಲ, ಅಷ್ಟೆ.

ಪೂರ್ಣ ಎಚ್.ಡಿ. ಚಿತ್ರದ ಒಂದು ಚೌಕಟ್ಟಿನಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080, ಒಟ್ಟು ಇಪ್ಪತ್ತು ಲಕ್ಷಕ್ಕೂ ಮೀರಿದ ಚುಕ್ಕೆಗಳಿರುತ್ತವೆ. ಸೆಕೆಂಡಿಗೆ ಇಂಥ 25 ಚೌಕಟ್ಟು. ಚುಕ್ಕೆಗೆ ಮೂರು ಬೈಟಿನಂತೆ ಇದ್ದುದನ್ನು ಇದ್ದಂತೆ ತುಂಬಿದರೆ ಸೆಕೆಂಡಿಗೆ ಸುಮಾರು 155 ಮೆಗಾಬೈಟ್ ಆಯಿತು. ಮೂರು ತಾಸಿನ ಮದುವೆಗೆ 1,600 ಗಿಗಾಬೈಟಿಗೂ ಹೆಚ್ಚು. ಯಾರೂ ಹಾಗೆ ತುಂಬುವುದಿಲ್ಲ. ವೇದಿಕೆಯ ಹಿಂದಿನ ಹೂವಿನ ಪರದೆ ಕದಲುವುದಿಲ್ಲವಲ್ಲ, ಅದನ್ನೊಮ್ಮೆ ಬರೆದುಕೊಂಡು ಮುಂದಿನ ಚೌಕಟ್ಟುಗಳಲ್ಲಿ 'ಮೊದಲಿನಂತೆ' ಎಂದರೆ ಸಾಕು. ಅಕ್ಷತೆ ಎರಚುವ ಕೈ ಎತ್ತ ಸರಿಯಿತು ಎಂಬುದನ್ನಷ್ಟೆ ಹೊಸದಾಗಿ ಬರೆಯಬೇಕು. ಕಣ್ಣಿಗೆ ಗೊತ್ತಾಗದ ಸೂಕ್ಷ್ಮಗಳನ್ನು ಬಿಟ್ಟೇಬಿಡಬಹುದು. ಹೀಗೆ ಅಡಕವಾಗಿ ಬರೆದದ್ದನ್ನು ಎಲ್ಲ ಯಂತ್ರಗಳೂ ಒಂದೇ ಬಗೆಯಲ್ಲಿ ಓದಲೆಂದು ಮಾಡಿಕೊಂಡ ಒಪ್ಪಂದವೇ ಸಂಕುಚನದ ಮಾನಕ. 2003ರ ಎಚ್.264 ಮಾನಕದಲ್ಲಿ, ಸೆಕೆಂಡಿಗೆ ಒಂದು ಮೆಗಾಬೈಟಿನ ಲೆಕ್ಕ ಹಿಡಿದರೆ, ಆ ಮದುವೆ 11 ಗಿಗಾಬೈಟಿನೊಳಗೆ ಅಡಗುತ್ತದೆ. 2013ರ ಎಚ್.265, ಅಂದರೆ ಎಚ್.ಇ.ವಿ.ಸಿ., ಅದೇ ಅಂದವನ್ನು ಸುಮಾರು ಅರ್ಧ ಜಾಗದಲ್ಲಿ ತರುತ್ತದೆ. 2020ರ ಎಚ್.266 ಅದನ್ನೂ ಅರ್ಧದ ಸಮೀಪಕ್ಕೆ ಇಳಿಸುತ್ತದೆ.

ಈ ಉಳಿತಾಯ ಪುಕ್ಕಟೆ ಬರುವಂಥದಲ್ಲ. ಎಚ್.264 ಚಿತ್ರವನ್ನು 16 ಚುಕ್ಕೆ ಅಗಲದ ಚೌಕಗಳಾಗಿ ಒಡೆದು ನೋಡಿದರೆ, ಎಚ್.265 64ರವರೆಗೂ, ಎಚ್.266 128ರವರೆಗೂ ಹೋಗುತ್ತದೆ. ಪ್ರತಿ ಚೌಕವನ್ನೂ ಹತ್ತಾರು ಬಗೆಯಲ್ಲಿ ತುಂಡರಿಸಿ ಯಾವುದು ಲಾಭವೆಂದು ಲೆಕ್ಕ ಹಾಕುತ್ತದೆ. ಹಳೆಯ ಗಣಕದಲ್ಲಿ ಈ ಕೆಲಸಕ್ಕೆ ಇಟ್ಟರೆ ರಾತ್ರಿಯಿಡೀ ಫ್ಯಾನು ಗುಂಯ್‌ಗುಡುತ್ತದೆ.

ಟಿ.ವಿ.ಯ ಚಿಪ್ಪು ಹಳೆಯದೆಂಬುದು ಒಂದು ಕಾರಣವಾದರೆ, ಇನ್ನೊಂದು ದುಡ್ಡಿನದು. ಒಂದೊಂದು ಮಾನಕದೊಳಗೂ ಹಲವಾರು ಕಂಪನಿಗಳ ಪೇಟೆಂಟುಗಳು ಹೆಣೆದುಕೊಂಡಿರುತ್ತವೆ. ಅವರೆಲ್ಲ ಕೂಡಿ ಒಂದೇ ಕಡೆ ರಾಯಲ್ಟಿ ವಸೂಲು ಮಾಡುವ ಏರ್ಪಾಟಿಗೆ 'ಪೂಲ್' ಎನ್ನುತ್ತಾರೆ. ಎಚ್.265ಕ್ಕೆ ಎಂ.ಪಿ.ಇ.ಜಿ. ಎಲ್.ಎ. ಎಂಬ ಪೂಲ್ ಕೇಳಿದ್ದು, ಮೊದಲ ಒಂದು ಲಕ್ಷ ಸಾಧನಗಳನ್ನು ಬಿಟ್ಟು, ಸಾಧನಕ್ಕೆ 20 ಸೆಂಟ್. ಅಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು. 2015ರಲ್ಲಿ ಎಚ್.ಇ.ವಿ.ಸಿ. ಅಡ್ವಾನ್ಸ್ ಎಂಬ ಇನ್ನೊಂದು ಪೂಲ್ ಬಂತು. ಅದು ಚಿತ್ರ ತೋರಿಸುವವರ ವರಮಾನದಲ್ಲೂ ಶೇಕಡಾ ಅರ್ಧದಷ್ಟು ಪಾಲು ಕೇಳಿ, ಗದ್ದಲವೆದ್ದ ಮೇಲೆ ದರ ಇಳಿಸಿತು. 2017ರಲ್ಲಿ ಮೂರನೆಯದು ಹುಟ್ಟಿತು. ಯಾವ ಪೂಲಿಗೂ ಸೇರದ ಪೇಟೆಂಟುದಾರರು ಬೇರೆ. ಒಂದೇ ರಸ್ತೆಗೆ ನಾಲ್ಕು ಟೋಲ್ ಗೇಟು!

ಇದರಿಂದ ಬೇಸತ್ತ ಗೂಗಲ್, ನೆಟ್‌ಫ್ಲಿಕ್ಸ್, ಮೈಕ್ರೊಸಾಫ್ಟ್ ಮುಂತಾದವರು 2015ರಲ್ಲೇ ಒಕ್ಕೂಟ ಕಟ್ಟಿ, 2018ರಲ್ಲಿ ಎ.ವಿ.1 ಎಂಬ ರಾಯಲ್ಟಿಯಿಲ್ಲದ ಮಾನಕ ಹೊರತಂದರು. ಅದರಲ್ಲೂ ತಮ್ಮ ಪಾಲಿದೆ ಎಂದು ಸಿಸ್ವೆಲ್ ಎಂಬ ಸಂಸ್ಥೆ ಇನ್ನೊಂದು ಪೂಲ್ ತೆರೆಯಿತು. ಬೀದರಿನ ಅಂಗಡಿಯಲ್ಲಿ ಬಿದರಿ ಹೂಜಿ ಕೊಂಡವರು ಕೋಟೆಯ ಮಣ್ಣಿಗೆ, ಬೆಳ್ಳಿ ಕೂರಿಸುವ ಕೌಶಲಕ್ಕೆ ಪ್ರತ್ಯೇಕ ಬಾಡಿಗೆ ಕೊಡುವುದಿಲ್ಲ. ಬೆಲೆ ಒಂದೇ, ಕೈ ಒಂದೇ. ಟಿ.ವಿ.ಯ ಬೆಲೆಯೊಳಗೆ ಎಷ್ಟು ಕೈಗಳಿವೆ ಎಂದು ಕೊಂಡವರಿಗೆ ತಿಳಿಯುವುದೇ ಇಲ್ಲ.

ಇದೆಲ್ಲ ಅಮೆರಿಕದ ಜಗಳವೆಂದು ತಿಳಿಯಬೇಕಿಲ್ಲ. ಚಿಪ್ಪು ತರಿಸಿ ಡಿ.ವಿ.ಡಿ. ಪ್ಲೇಯರ್ ಜೋಡಿಸಿ ಮಾರುತ್ತಿದ್ದವರ ಮೇಲೆ ಫಿಲಿಪ್ಸ್ ಕಂಪನಿ ದೆಹಲಿ ಹೈಕೋರ್ಟಿಗೆ ಹೋಗಿತ್ತು. ಅಲ್ಲಿನ ಪೇಟೆಂಟು ಸಂಕುಚನದ್ದಲ್ಲ, ತಟ್ಟೆಯ ಸಂಕೇತ ಬಿಡಿಸುವ ವಿಧಾನದ್ದು. ಪರವಾನಗಿ ಇದ್ದವರಿಂದಲೇ ಚಿಪ್ಪು ಕೊಂಡೆವೆಂದು ಜೋಡಣೆಗಾರರು ವಾದಿಸಿದರೂ ಸಾಬೀತು ಮಾಡಲಾಗಲಿಲ್ಲ. ಪ್ಲೇಯರಿಗೆ 2010ರ ಮೇ ತನಕ 3.175 ಡಾಲರು, ಆಮೇಲೆ 1.90 ಡಾಲರು ತೆರಬೇಕೆಂದು 2018ರ ಜುಲೈನಲ್ಲಿ ತೀರ್ಪಾಯಿತು. ಆ ಹೊತ್ತಿಗೆ ಪೇಟೆಂಟಿನ ಅವಧಿ ಮುಗಿದು ಮೂರು ವರ್ಷ ದಾಟಿತ್ತು.

ಅಗ್ಗದ ಟಿ.ವಿ. ತಯಾರಿಸುವವನು ಹೊಸ ಮಾನಕಕ್ಕೆ ಹಿಂದೆಮುಂದೆ ನೋಡುವುದು ಏಕೆಂದು ಈಗ ಊಹಿಸಬಹುದು. ಎಲ್ಲ ಕಡೆ ಓಡುವುದು ಇಂದಿಗೂ ಎಚ್.264ವೇ. ಪೇಟೆಂಟಿನ ಆಯುಷ್ಯ 20 ವರ್ಷ; ಅದರ ಮೊದಲ ಪೇಟೆಂಟುಗಳಲ್ಲಿ ಅನೇಕವು ತೀರಿವೆ.

ಭಾಲ್ಕಿಯ ವಿಡಿಯೊದವನಿಗೆ ಈ ಕೋರ್ಟು ಕಚೇರಿ ಬೇಡ. 'ಟಿ.ವಿ. ಎಷ್ಟು ವರ್ಷದ್ದು?' ಎಂದು ಮೊದಲೇ ಕೇಳಿಕೊಂಡರೆ ಆಯಿತು. ಹಳೆಯದಾದರೆ ಎಚ್.264ಕ್ಕೆ ಬದಲಿಸಿ ಕೊಡಬೇಕು. ಪೆನ್‌ಡ್ರೈವ್ ಫ್ಯಾಟ್32 ವಿನ್ಯಾಸದ್ದಾದರೆ ಒಂದು ಕಡತ ನಾಲ್ಕು ಗಿಗಾಬೈಟು ಮೀರುವಂತಿಲ್ಲ. ಮದುವೆಯನ್ನು ಮೂರು ತುಂಡು ಮಾಡಬೇಕಾಗುತ್ತದೆ. ಅಕ್ಷತೆಯ ನಡುವೆ ಕತ್ತರಿ ಬೀಳದಂತೆ ನೋಡಿಕೊಳ್ಳುವುದು ಅವನ ಕೈಯಲ್ಲಿದೆ.