ಎಸ್‌ಪಿಎಫ್ ದಪ್ಪಕ್ಷರದಲ್ಲಿ, ಹಚ್ಚುವ ಅಳತೆ ಎಲ್ಲಿ?

ಬೇಸಿಗೆ ಬಂತೆಂದರೆ ಟಿ.ವಿ.ಯಲ್ಲೂ ಮೊಬೈಲ್‌ನಲ್ಲೂ ಸನ್‌ಸ್ಕ್ರೀನ್ ಜಾಹೀರಾತುಗಳ ಪೈಪೋಟಿ. ಎಲ್ಲರದೂ ಒಂದೇ ಮಾತು: ನಮ್ಮ ಎಸ್‌ಪಿಎಫ್, ಅಂದರೆ ಬಿಸಿಲಿನಿಂದ ರಕ್ಷಿಸುವ ಪ್ರಮಾಣದ ಸಂಖ್ಯೆ, ಹೆಚ್ಚು. ಔಷಧ ಅಂಗಡಿ ನಡೆಸುವ ನನಗೆ ಅದರ ಪರಿಣಾಮ ಕೌಂಟರ್‌ನಲ್ಲೇ ಕಾಣುತ್ತದೆ. ‘ಅಣ್ಣಾರ, ಮೂವತ್ತರದ್ದು ಬ್ಯಾಡ್ರಿ, ಐವತ್ತರದ್ದು ಕೊಡ್ರಿ’ ಎನ್ನುವವರೇ ಬಹಳ. ಎಷ್ಟು ಹಚ್ಚಬೇಕೆಂದು ಕೇಳುವವರು ಅಪರೂಪ. ತಪ್ಪು ಅವರದಲ್ಲ. ಜಾಹೀರಾತಿನ ರೂಪದರ್ಶಿ ಕೆನ್ನೆಗೆರಡು ಚುಕ್ಕೆ ಇಟ್ಟುಕೊಂಡು ಬಿಸಿಲಿಗೆ ಹೊರಟುಬಿಡುತ್ತಾಳೆ.

ಪ್ರಯೋಗಾಲಯದಲ್ಲಿ ಎಸ್‌ಪಿಎಫ್ ಅಳೆಯುವಾಗ ಚರ್ಮದ ಪ್ರತಿ ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಲೇಪಿಸುತ್ತಾರೆ. ಆ ಲೆಕ್ಕದಲ್ಲಿ ಮುಖ, ಕುತ್ತಿಗೆಗೆ ತೋರುಬೆರಳು ಮತ್ತು ನಡುಬೆರಳಿನ ಉದ್ದಕ್ಕೂ ಎಳೆದ ಎರಡು ಗೆರೆಯಷ್ಟು, ಅಂದರೆ ಹೆಚ್ಚುಕಮ್ಮಿ ಒಂದೂಕಾಲು ಗ್ರಾಂ ಬೇಕು. ಬಿಸಿಲಲ್ಲೇ ಇರುವವರು ಎರಡು ತಾಸಿಗೊಮ್ಮೆ, ಬೆವರು ಒರೆಸಿಕೊಂಡರೆ ಇನ್ನೂ ಬೇಗ, ಮತ್ತೆ ಹಚ್ಚಬೇಕು. ದಿನಕ್ಕೆ ಎರಡೇ ಸಲ ಎಂದರೂ 50 ಗ್ರಾಂ ಟ್ಯೂಬ್ ಇಪ್ಪತ್ತು ದಿನಕ್ಕೆ ಮುಗಿಯಬೇಕು. ‘ಒಂದ ಟ್ಯೂಬ್ ಆರ ತಿಂಗಳ ಬಂತ್ರಿ’ ಎಂದು ಖುಷಿಪಡುವ ಗಿರಾಕಿಗೆ ಟ್ಯೂಬಿನ ಮೇಲಿದ್ದ ರಕ್ಷಣೆ ಸಿಕ್ಕಿರುವುದೇ ಇಲ್ಲ.

ಸರಿಯಾಗಿ ಹಚ್ಚಿದರೆ 30ರದ್ದು ಚರ್ಮ ಸುಡುವ ಯುವಿಬಿ ಕಿರಣಗಳಲ್ಲಿ ಸುಮಾರು ಶೇ 97ರಷ್ಟನ್ನು, 50ರದ್ದು ಶೇ 98ರಷ್ಟನ್ನು ತಡೆಯುತ್ತದೆ. ವ್ಯತ್ಯಾಸ ಇಷ್ಟೇ. ಬಂಗು ಹೆಚ್ಚಿಸುವ ಯುವಿಎ ಕಿರಣದ ಲೆಕ್ಕ ಬೇಕಾದರೆ ‘ಪಿಎ’ ಮುಂದಿನ ಪ್ಲಸ್ ಗುರುತುಗಳನ್ನೋ ‘ಬ್ರಾಡ್ ಸ್ಪೆಕ್ಟ್ರಮ್’ ಎಂಬ ಪದವನ್ನೋ ಹುಡುಕಬೇಕು.

ಟ್ಯೂಬಿನ ಮೇಲಿನ ಸಂಖ್ಯೆ ನಿಜವೇ ಎಂಬುದು ಇನ್ನೊಂದು ಪ್ರಶ್ನೆ. ಅಮೆರಿಕದಲ್ಲಿ ಸನ್‌ಸ್ಕ್ರೀನ್ ಔಷಧಗಳ ಸಾಲಿಗೆ ಸೇರಿದೆ. ನಮ್ಮ ಕಾನೂನಿನಲ್ಲಿ ಅದು ಲಿಪ್‌ಸ್ಟಿಕ್, ಪೌಡರ್‌ನಂತೆ ಸೌಂದರ್ಯವರ್ಧಕ. ನಿಯಮ ಬಿಗಿಯಾಗಿರುವ ಆಸ್ಟ್ರೇಲಿಯಾದಲ್ಲೇ 2025ರಲ್ಲಿ ‘ಚಾಯ್ಸ್’ ಎಂಬ ಗ್ರಾಹಕ ಸಂಘಟನೆ 20 ಸನ್‌ಸ್ಕ್ರೀನ್‌ಗಳನ್ನು ಪರೀಕ್ಷೆ ಮಾಡಿಸಿದಾಗ 16 ತಾವು ಹೇಳಿಕೊಂಡ ಎಸ್‌ಪಿಎಫ್ ಮುಟ್ಟಲಿಲ್ಲ. ಬಳಿಕ ಕೆಲವು ಮಾರುಕಟ್ಟೆಯಿಂದ ವಾಪಸಾದವು. ನಮ್ಮಲ್ಲಿ ಪೈಪೋಟಿಯ ಈ ಸಂಖ್ಯೆಗಳನ್ನು ಕಂಪನಿಗಳ ಮಾತಿನ ಮೇಲೆ ನಂಬಿ ಕೂರುವುದು ಸರಿಯೇ?

ಕೇಂದ್ರ ಔಷಧ ಗುಣಮಟ್ಟ ನಿಯಂತ್ರಣ ಸಂಸ್ಥೆಯು ಅಂಗಡಿಗಳಿಂದಲೇ ಮಾದರಿ ತೆಗೆದು ಪರೀಕ್ಷಿಸಿ, ಫಲಿತಾಂಶವನ್ನು ಬ್ರ್ಯಾಂಡ್ ಹೆಸರಿನೊಂದಿಗೆ ಪ್ರಕಟಿಸಲಿ. ಹಚ್ಚುವ ಅಳತೆಯನ್ನು ಚಿತ್ರಸಹಿತ, ಕನ್ನಡದಲ್ಲೂ, ಎಸ್‌ಪಿಎಫ್‌ನಷ್ಟೇ ದಪ್ಪಕ್ಷರದಲ್ಲಿ ಟ್ಯೂಬಿನ ಮುಂಭಾಗದಲ್ಲಿ ಮುದ್ರಿಸುವುದು ಕಡ್ಡಾಯವಾಗಲಿ. ಆಗ ಕೊಳ್ಳುವವರು ಸರಿಯಾಗಿ ಬಳಸುತ್ತಾರೆ. ಇಪ್ಪತ್ತು ದಿನಕ್ಕೊಂದು ಟ್ಯೂಬ್ ಕೈಗೆಟುಕದವರು ಕೊಡೆ, ತುಂಬುತೋಳಿನ ಅಂಗಿ, ತಲೆಗೊಂದು ಟವೆಲ್ ನಂಬಿ ದುಡ್ಡು ಉಳಿಸಿಕೊಳ್ಳುತ್ತಾರೆ.

– ಔಷಧ ಅಂಗಡಿ ಮಾಲೀಕ, ವಿಜಯಪುರ